ಹನುಮವ್ವನ ಮೈಯೊಳಗಿನ ಇಬ್ಬರು

ಹನುಮವ್ವನ ಗಂಡ ತೀರಿಕೊಂಡು ಇಪ್ಪತ್ತು ವರ್ಷದ ಹತ್ತಿರ ಬಂದಿತ್ತು. ಆದರೆ ಅವನು ಹೋಗಿಬಿಟ್ಟ ಎಂಬುದನ್ನು ಅವಳು ಒಂದು ದಿನವೂ ಒಪ್ಪಿದವಳಲ್ಲ. ಇದನ್ನು ಕೇಳಿದ ಕೂಡಲೇ ತಲೆ ಕೆಟ್ಟ ಹೆಂಗಸು ಎಂದುಕೊಳ್ಳುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಮುಂಬಯಿಯ ಜೋಗೇಶ್ವರಿಯಲ್ಲಿ ಗುಡ್ಡದ ಬದಿಯ ಆ ಚಾಳಿನಲ್ಲಿ, ಒಂದೊಂದು ಖೋಲಿಯ ಮನೆಗಳ ಆ ವಠಾರದಲ್ಲಿ, ಅವಳಷ್ಟು ಗಟ್ಟಿ ತಲೆಯವರು ಇನ್ನೊಬ್ಬರಿರಲಿಲ್ಲ. ನೀರಿನ ಪಾಳಿಯ ಜಗಳಗಳೆಲ್ಲ ಅವಳ ಬಾಗಿಲಿಗೆ ಬಂದೇ ಬಗೆಹರಿಯುತ್ತಿದ್ದವು.

ಅವಳದು ಸೀರೆಗೆ ಫಾಲ್ ಹಚ್ಚುವ ಕೆಲಸ. ಸ್ಟೇಷನ್ ರಸ್ತೆಯ ಅಂಗಡಿಗಳಿಂದ ಹೊಸ ಸೀರೆ ತಂದು, ಕೆಳಗಿನ ಅಂಚಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಹೊಲಿದು ಕೊಡುವುದು. ಹೊಲಿಗೆ ಹೊರಗೆ ಕಾಣಬಾರದು, ಅದೇ ಆ ಕೆಲಸದ ಮರ್ಯಾದೆ. ನಡುಬೆರಳಿಗೆ ತಗಡಿನ ಟೋಪಿ ಹಾಕದೆ ಅವಳು ಸೂಜಿ ಮುಟ್ಟುತ್ತಿರಲಿಲ್ಲ. ಆದರೂ ಎಂದಾದರೂ ಚುಚ್ಚಿ ಒಂದು ಹನಿ ರಕ್ತ ಕಂಡಿತೆಂದರೆ, ಬಟ್ಟೆಗೆ ತಾಕಿರಲಿ ಬಿಡಲಿ, ಹಚ್ಚಿದ ಪಟ್ಟಿಯನ್ನೆಲ್ಲ ಬಿಚ್ಚಿ ಸುಟ್ಟು ಹೊಸದನ್ನು ಹಚ್ಚುತ್ತಿದ್ದಳು. ಹಾಗೆಲ್ಲ ರೋಗ ಹರಡುವುದಿಲ್ಲ ಎಂದು ಆಸ್ಪತ್ರೆಯವರು ನೂರು ಸಲ ಹೇಳಿದ್ದರು. ಅವಳಿಗೆ ಹರಡುವ ಹೆದರಿಕೆ ಇರಲಿಲ್ಲ. ಆ ಹನಿಯಲ್ಲಿ ಗಂಡ ಇದ್ದಾನೆ, ಗುರುತು ಪರಿಚಯ ಇಲ್ಲದ ಯಾರದೋ ಸೀರೆಯ ಅಂಚಿಗೆ ಅವನು ಹೋಗಬಾರದು, ಅಷ್ಟೇ.

ಗಂಡ ಶಂಕ್ರೆಪ್ಪ ವಿಜಯಪುರದ ಕಡೆಯವನು. ಮುಂಬಯಿಯ ಎತ್ತರೆತ್ತರದ ಬಿಲ್ಡಿಂಗುಗಳ ಗೋಡೆಗೆ ಪ್ಲಾಸ್ಟರ್ ಮಾಡುತ್ತಿದ್ದ. ಕಾಲಿನ ಬಿರುಕುಗಳಲ್ಲಿ ಸಿಮೆಂಟು ಕೂತು ಬೆಳ್ಳಗಾಗಿರುತ್ತಿತ್ತು. ಅವನಿಗೆ ಎಚ್‌ಐವಿ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಕೆಮ್ಮಿ ಕೆಮ್ಮಿ ಸಣ್ಣಗಾಗಿ ಒಂದು ಮಳೆಗಾಲದಲ್ಲಿ ಹೋದ. ಆಸ್ಪತ್ರೆಯವರು ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರ ಮಸಣಕ್ಕೆ ಕಳಿಸಿದರು. ಮುಖ ನೋಡಲಿಕ್ಕೆ ಆಗಲಿಲ್ಲ, ಊರಿನಿಂದ ಒಬ್ಬರೂ ಬರಲಿಲ್ಲ, ಹನುಮವ್ವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನೋಡದೆ ಇದ್ದ ಸಾವಿಗೆ ಅಳುವುದು ಹೇಗೆ?

ಅವಳಿಗೂ ಅದೇ ರೋಗ ಇದೆಯೆಂದು ಆಮೇಲೆ ತಿಳಿಯಿತು. ಸರಕಾರಿ ಗುಳಿಗೆ ಕೊಡುವ ಜಾಗದಲ್ಲಿ ತಿಳಿಹೇಳುವ ಹೆಂಗಸೊಬ್ಬಳು ಹಿಂದಿಯಲ್ಲಿ ಬಿಡಿಸಿ ಹೇಳಿದಳು: ಈ ಗುಳಿಗೆಯಿಂದ ಅದು ಸಾಯುವುದಿಲ್ಲ, ಮಲಗುತ್ತದೆ. ಮೂಳೆಯೊಳಗಿನ ನೆಣದಲ್ಲಿ, ಗಂಟುಗಳಲ್ಲಿ ಎಲ್ಲೋ ಸದ್ದಿಲ್ಲದೆ ಮಲಗಿರುತ್ತದೆ. ಗುಳಿಗೆ ತಪ್ಪಿಸಿದ ದಿನ ಎದ್ದು ಕೂರುತ್ತದೆ.

ಹನುಮವ್ವ ಮನೆಗೆ ಬಂದು ಗೋಡೆಗೆ ಒರಗಿ ಯೋಚಿಸಿದಳು. ಇದು ಅವರ ಮೈಯಿಂದ ನನ್ನ ಮೈಗೆ ಬಂದದ್ದು. ಜೀವಂತ ಇದೆ. ಒಳಗೆ ಮಲಗಿದೆ. ಹಾಗಾದರೆ ಮಲಗಿದವರು ಯಾರು? ಅವಳ ಊರಿನಲ್ಲಿ ಸತ್ತವರ ಗಾಳಿ ಬದುಕಿದವರ ಮೈ ಹೊಕ್ಕರೆ ಬೇವಿನ ಸೊಪ್ಪಿನಿಂದ ಹೊಡೆದು ಬಿಡಿಸುತ್ತಿದ್ದರು. ಇವಳ ಮೈ ಹೊಕ್ಕ ಗಾಳಿಗೆ ಆಸ್ಪತ್ರೆಯ ಸೀಲೇ ಬಿದ್ದಿತ್ತು. ಬಿಡಿಸಿಕೊಳ್ಳುವ ಮನಸ್ಸೂ ಅವಳಿಗೆ ಇರಲಿಲ್ಲ.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಗುಳಿಗೆ ನುಂಗಿ ಎದೆಯ ಮೇಲೆ ಕೈಯಿಟ್ಟು, "ಮಕ್ಕೋರಿ ಇನ್ನ" ಎಂದು ಅವನನ್ನು ಮಲಗಿಸುತ್ತಿದ್ದಳು. ಒಳಗೆ ಯಾರೋ ಮಗ್ಗುಲು ಬದಲಿಸಿದಂತೆ ಆಗುತ್ತಿತ್ತು. ಆಮೇಲೆ ನಿಶ್ಶಬ್ದ. ಯಾವುದಾದರೂ ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಅವಳು ಬಾಯಿ ಬಿಡುತ್ತಿರಲಿಲ್ಲ, ಪಕ್ಕದಲ್ಲಿ ನಿಂತವರ ಕೈಗೆ ಆಧಾರ್ ಕಾರ್ಡು ಕೊಟ್ಟು ಓದಿಸುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ಅವರ ಕಡೆಯವರು. ಇರುವಷ್ಟು ಆಯುಷ್ಯವೇ ಹೀಗೆ ಕಳ್ಳತನದಿಂದ ಉಳಿದಿರುವಾಗ ಅದನ್ನು ಏಕೆ ಕಡಿಮೆ ಮಾಡಬೇಕು!

ಇನ್ನು ತವರು. ಹುಟ್ಟಿದ ಮನೆ ಹೋಳಿ ಹುಣ್ಣಿಮೆ, ಕೊಟ್ಟ ಮನೆ ಶಿವರಾತ್ರಿ ಎಂಬ ಮಾತಿದೆ. ಹನುಮವ್ವನಿಗೆ ಹುಟ್ಟಿದ ಮನೆ ಎಂದರೆ ಊರಲ್ಲ, ಮುಂಬಯಿಯದೇ ದಹಿಸರ್. ತಂದೆತಾಯಿ ಹೋದ ಮೇಲೆ ಉಳಿದವನು ತಮ್ಮ ಯಲ್ಲಾಲಿಂಗ ಒಬ್ಬನೇ, ಅವನು ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಅವನನ್ನು ಮುಂಬಯಿಗೆ ಕರೆತಂದು, ಹೊಟ್ಟೆಗೆ ಹಾಕಿ, ಗಿರಣಿಯ ಕೆಲಸಕ್ಕೆ ಸೇರಿಸಿದವನು ಶಂಕ್ರೆಪ್ಪನೇ. ಮಾವ ಎಂದು ಕರೆಯುತ್ತಿದ್ದ ಆ ಅಕ್ಕನ ಗಂಡ ಸತ್ತ ದಿನ ಯಲ್ಲಾಲಿಂಗ ಬರಲಿಲ್ಲ. ಅವನ ಮದುವೆಯ ಮಾತು ನಡೆದಿತ್ತು, ಬೀಗರ ಕಿವಿಗೆ ಬಿದ್ದರೆ ಏನು ಗತಿ ಎಂಬ ಅಂಜಿಕೆ. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ಕರೆಯಲು ಹೋಗದ ಗಂಡಸನ್ನು ಅವರ ಕಡೆ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವನು ವರ್ಷಗಟ್ಟಲೆ ಹೋಗಲಿಲ್ಲ. ಜೋಗೇಶ್ವರಿಯಿಂದ ದಹಿಸರ್‌ಗೆ ಸ್ಲೋ ಲೋಕಲ್ ಹಿಡಿದರೂ ಅರ್ಧ ತಾಸಿನ ದಾರಿ. ಅಷ್ಟು ಹತ್ತಿರದ ತವರು ಅಷ್ಟು ದೂರ ಆಗಬಹುದೆಂದು ಹನುಮವ್ವ ಎಣಿಸಿರಲಿಲ್ಲ.

ಹೀಗಿರುವಾಗ ಅವಳಿಗೆ ರಕ್ತದ ಕ್ಯಾನ್ಸರ್ ಬಂತು. ಗಾಯದ ಮೇಲೆ ಬರೆ ಎನ್ನುವುದು ಇದಕ್ಕೇ. ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ನೋಡಿದವಳು ಡಾಕ್ಟರ್ ಮಾಧುರಿ. ಧಾರವಾಡದವರ ಮಗಳು, ಮುಲುಂಡಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ತಡವರಿಸಿ ಹಿಂದಿ ಬೆರೆಸುತ್ತಿದ್ದಳು, ಹನುಮವ್ವನನ್ನು ಮರಾಠಿಯವರಂತೆ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು.

"ನೋಡಿ ಮೌಶಿ, ನಿಮ್ದು ಬೋನ್ ಮ್ಯಾರೋ ಪೂರಾ ಖರಾಬ್ ಆಗಿದೆ. ಅದನ್ನ ನಾವು ಸಾಫ್ ಮಾಡಿ ಬೇರೆಯವರದು ಹಾಕಬೇಕು. ಸ್ಟೆಮ್ ಸೆಲ್ ಅಂತಾರೆ. ನಿಮಗೆ ಭಾಯಿ, ಬೆಹೆನ್ ಯಾರು ಇದ್ದಾರೆ?"

"ಒಬ್ಬ ತಮ್ಮ ಇದ್ದಾನ್ರಿ. ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ."

ಆಸ್ಪತ್ರೆಯವರೇ ಫೋನ್ ಮಾಡಿದರು. ಯಲ್ಲಾಲಿಂಗ ಮರುದಿನ ಬಂದು, ಅಂಗಿಯ ಮೇಲಿನ ಹಿಟ್ಟನ್ನೂ ಕೊಡವದೆ, ವಾರ್ಡಿನ ಬಾಗಿಲಲ್ಲಿ ನಿಂತ. ಕೂದಲು ಅರ್ಧ ಬೆಳ್ಳಗಾಗಿತ್ತು. "ಪಂಚಮಿಗೆ ಕರೀಲಾಕ ಬಂದೀನಿ ಅಂತ ತಿಳಕೊ ಅಕ್ಕಾ" ಎಂದ. ಪಂಚಮಿ ಹೋಗಿ ತಿಂಗಳಾಗಿತ್ತು. ಹನುಮವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆದರೆ ಟೆಸ್ಟಿನಲ್ಲಿ ಅವನ ಸ್ಟೆಮ್ ಸೆಲ್ ಅವಳದಕ್ಕೆ ಸರಿಯಾಗಿ ಹೊಂದಿತು.

ಮೊದಲು ಅವಳ ಮೂಳೆಯೊಳಗಿದ್ದುದನ್ನೆಲ್ಲ ಔಷಧ ಹಾಕಿ ಸುಟ್ಟರು. ಗಾಜಿನ ಬಾಗಿಲಿನ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಅಲ್ಲಿಗೆ ಹೂವಿಲ್ಲ, ಹಣ್ಣಿಲ್ಲ, ಹೊರಗಿನ ಗಾಳಿಯೂ ಇಲ್ಲ. ಯಲ್ಲಾಲಿಂಗನ ತೋಳಿನಿಂದ ತೆಗೆದದ್ದು ಒಂದು ಚೀಲದಲ್ಲಿ ಬಂದು, ತೆಳು ಕೆಂಪಗೆ ಗಂಜಿಯ ಹಾಗೆ ಅವಳೊಳಗೆ ಇಳಿಯಿತು. ಅದು ಬೇರೂರುವವರೆಗೆ ಅವಳ ಮೈಯಲ್ಲಿ ಹಳೆಯ ರಕ್ತ ಹುಟ್ಟುತ್ತಿರಲಿಲ್ಲ, ಹೊಸದು ಇನ್ನೂ ಹುಟ್ಟಿರಲಿಲ್ಲ. ಬಾಡಿಗೆಗೆ ಬಿಟ್ಟ ಖಾಲಿ ಖೋಲಿಯ ಹಾಗಿತ್ತು ಮೈ.

ಆ ಜ್ವರದ ಮಧ್ಯಾಹ್ನಗಳಲ್ಲಿ ಒಂದು ದಿನ ಅವಳು ಕಣ್ಣು ಬಿಟ್ಟಾಗ ಗಾಜಿನ ಬಾಗಿಲ ಆಚೆ ಶಂಕ್ರೆಪ್ಪ ನಿಂತಿದ್ದ. ಮುಖ ಸರಿಯಾಗಿ ಕಾಣಲಿಲ್ಲ. ಸಿಮೆಂಟು ಹತ್ತಿದ ಕಾಲುಗಳು ಕಂಡವು. ಸುತ್ತಿದ ಹಾಸಿಗೆಯನ್ನು ಹೆಗಲ ಮೇಲೆ ಇಟ್ಟುಕೊಂಡಿದ್ದ. ಕೆಲಸ ಮುಗಿದು ಬಂದವನು ಮನೆಗೆ ಬೀಗ ಕಂಡಾಗ ಕೇಳುವಂತೆ ಮೆಲ್ಲಗೆ ಕೇಳಿದ.

"ಎಲ್ಲಿ ಮಕ್ಕೊಳ್ಳಲಿ ನಾ?"

ಹನುಮವ್ವ ಉತ್ತರ ಕೊಡಲು ಬಾಯಿ ತೆರೆದಳು. ಬಾಯಿ ತುಂಬ ಹುಣ್ಣು, ಮಾತು ಬರಲಿಲ್ಲ. ನರ್ಸು ಬಂದು ಪರದೆ ಎಳೆದಳು. ಜ್ವರದಲ್ಲಿ ಇಲ್ಲದ್ದು ಕಾಣುವುದು ಸಹಜ ಎಂದು ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ಆದರೆ ಬಾಗಿಲ ಹೊರಗೆ ನೆಲ ಒರೆಸಲು ಬಂದ ಆಯಾ, ಇಲ್ಲಿ ಯಾರು ಸಿಮೆಂಟು ಕಾಲಿನಲ್ಲಿ ತಿರುಗಿದ್ದು ಎಂದು ಮರಾಠಿಯಲ್ಲಿ ಗೊಣಗಿದ್ದು ಹನುಮವ್ವನ ಕಿವಿಗೆ ಬಿತ್ತು. ಆಸ್ಪತ್ರೆಯ ಆ ಬದಿಯಲ್ಲಿ ದುರಸ್ತಿ ನಡೆದಿತ್ತೋ ಏನೋ, ಅವಳು ವಿಚಾರಿಸಲಿಲ್ಲ.

ಅವಳು ಬದುಕಿದಳು. ಚಾಳಿಗೆ ಮರಳಿದಳು. ಕೂದಲು ಮತ್ತೆ ಬಂತು, ಆದರೆ ಅದು ಅವಳ ಗುಂಗುರು ಕೂದಲಾಗಿರಲಿಲ್ಲ. ದಪ್ಪಗೆ, ನೆಟ್ಟಗೆ, ಯಲ್ಲಾಲಿಂಗನ ತಲೆಯಲ್ಲಿರುವಂಥದ್ದು. ರಕ್ತದ ಗುಂಪು ಬದಲಾಯಿತು. ಒಂದು ಸಲ ಡಾಕ್ಟರ್ ಮಾಧುರಿ ನಗುತ್ತ, "ಮೌಶಿ, ನಿಮ್ಮ ಬ್ಲಡ್ ಮಾತ್ರ ನೋಡಿದರೆ ನೀವು ಗಂಡಸು. ಪೂರಾ ತಮ್ಮಂದೇ ಆಗಿದೆ" ಎಂದಳು. ಡಾಕ್ಟರಿಗೆ ಅದು ಗೆದ್ದ ಮಾತು. ಹನುಮವ್ವ ಮನೆಗೆ ಬಂದು ಕೈಯ ನೀಲಿ ನರಗಳನ್ನು ಬಹಳ ಹೊತ್ತು ನೋಡುತ್ತ ಕೂತಳು. ಗುಳಿಗೆ ನುಂಗಿ "ಮಕ್ಕೋರಿ ಇನ್ನ" ಎಂದರೆ ಈಗ ಒಳಗೆ ಯಾರೂ ಮಗ್ಗುಲು ಬದಲಿಸುತ್ತಿರಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡಳು.

ಸಿಟ್ಟಿಳಿಸುವ ದಾರಿ ಹೆಂಡತಿಯರಿಗೆ ಗೊತ್ತಿರುತ್ತದೆ. ಮಹಾನವಮಿ ಅಮಾವಾಸ್ಯೆ ಬಂತು. ಅಂದು ಹಿರಿಯರಿಗೆ ಎಡೆ ಹಿಡಿಯುವ ಪದ್ಧತಿ. ಬೇರೆಯವರು ಆ ಎಡೆಯನ್ನು ಕಾಗೆಗೋ ಆಕಳಿಗೋ ಇಟ್ಟು ಬಂದರೆ ಹನುಮವ್ವ ಪ್ರತಿವರ್ಷ ತಾನೇ ಉಣ್ಣುತ್ತಿದ್ದಳು. ಉಣ್ಣುವವನು ಒಳಗೇ ಇರುವಾಗ ಕಾಗೆಗೇನು ಕೆಲಸ! ಆಸ್ಪತ್ರೆಯ ಪಥ್ಯ ಇದ್ದಷ್ಟು ದಿನ ಅದು ನಿಂತಿತ್ತು. ಪಥ್ಯ ಬಿಟ್ಟ ಆ ವರ್ಷ ಅವನಿಗೆ ಪ್ರಾಣವಾಗಿದ್ದ ಬದನೆಕಾಯಿ ಎಣಗಾಯಿ ಮಾಡಿದಳು. ಶೇಂಗಾ, ಗುರೆಳ್ಳು ಹುರಿದು ಕುಟ್ಟಿ ತುಂಬಿ, ಜೋಳದ ರೊಟ್ಟಿ ತಟ್ಟಿ, ತಟ್ಟೆಯ ಮುಂದೆ ಊದುಬತ್ತಿ ಹಚ್ಚಿದಳು. "ಊಟ ಮಾಡ್ರಿ" ಎಂದು ಮೊದಲ ತುತ್ತು ಬಾಯಿಗಿಟ್ಟಳು.

ಮೂರನೆಯ ತುತ್ತಿಗೆ ತುಟಿ ಜುಮುಜುಮು ಎಂದಿತು. ನಾಲಿಗೆ ದಪ್ಪವಾಯಿತು. ಗಂಟಲಿನ ಒಳಗೆ ಯಾರೋ ಕೈ ಹಾಕಿ ಹಿಡಿದು, ತುತ್ತನ್ನು ಹೊರಗೆ ದಬ್ಬುವಂತಾಯಿತು. ಪಕ್ಕದ ಖೋಲಿಯ ಸೋನಾಲಿ, ಮದುವೆಯಾಗಿ ಬಂದು ಎರಡು ವರ್ಷವಾದ ಮರಾಠಿ ಹುಡುಗಿ, ತಟ್ಟೆ ಬಿದ್ದ ಸದ್ದಿಗೆ ಓಡಿ ಬಂದು ರಿಕ್ಷಾದಲ್ಲಿ ಹಾಕಿಕೊಂಡು ಹೋಗದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಯಲ್ಲಾಲಿಂಗ ಗಾಬರಿಯಿಂದ ಬಂದ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು. "ಬದನೀಕಾಯಿ ನನಗ ಆಗೂದಿಲ್ಲಲ್ಲ ಅಕ್ಕಾ. ಸಣ್ಣಾಂವ ಇದ್ದಾಗಿಂದನೂ. ಬಾಯಿ ಬಾತು ಸಾಯಾಕ ಬಂದಿದ್ದೆ, ಮರತ್ಯೇನು?"

ಅವಳು ಮರೆತಿರಲಿಲ್ಲ. ಅದು ಅವನಿಗೆ ಆಗುತ್ತಿರಲಿಲ್ಲ, ತನಗಲ್ಲ. ಡಾಕ್ಟರ್ ಮಾಧುರಿ, ಕೊಟ್ಟವರ ಅಲರ್ಜಿ ತೆಗೆದುಕೊಂಡವರಿಗೆ ಹೋಗುವುದು ಅಪರೂಪಕ್ಕೆ ಉಂಟು ಎಂದು ಸಮಾಧಾನ ಹೇಳಿದಳು. ಹನುಮವ್ವನಿಗೆ ಸಮಾಧಾನವಾಗಲಿಲ್ಲ. ಗಂಡನಿಗೆ ಹಿಡಿದ ಎಡೆಯನ್ನು ತಮ್ಮ ಒಳಗಿನಿಂದ ನೂಕಿದ್ದ. ಮನೆಯಲ್ಲಿ ಈಗ ಇಬ್ಬರಿದ್ದಾರೆ, ಒಬ್ಬನು ಇನ್ನೊಬ್ಬನಿಗೆ ಉಣ್ಣಗೊಡುತ್ತಿಲ್ಲ.

ಆಮೇಲಿನ ವರ್ಷ ದೀಪಾವಳಿಯ ಮೊದಲು ಡಾಕ್ಟರ್ ಮಾಧುರಿ ಅಕ್ಕತಮ್ಮ ಇಬ್ಬರನ್ನೂ ಕೂರಿಸಿಕೊಂಡು ಒಂದು ದೊಡ್ಡ ಮಾತು ಹೇಳಿದಳು. ಎಷ್ಟು ಸೂಕ್ಷ್ಮವಾಗಿ ಹುಡುಕಿದರೂ ಹನುಮವ್ವನ ಮೈಯಲ್ಲಿ ಎಚ್‌ಐವಿ ಸಿಗುತ್ತಿಲ್ಲ.

"ದುನಿಯಾದಲ್ಲಿ ಹೀಗೆ ಆದವರು ಬಹಳ ಕಮ್ಮಿ ಮೌಶಿ, ಬೆರಳಲ್ಲಿ ಗಿನತಿ ಮಾಡಬಹುದು. ಎಲ್ಲರಿಗೂ ನಿಮ್ಮ ಹಾಗೆ ಕ್ಯಾನ್ಸರ್ ಇತ್ತು, ಅದಕ್ಕೆ ಟ್ರಾನ್ಸ್‌ಪ್ಲಾಂಟ್ ಮಾಡಿದ್ದು. ಬರೀ ಎಚ್‌ಐವಿಗೋಸ್ಕರ ಯಾರೂ ಮಾಡೋದಿಲ್ಲ, ಜೀವಕ್ಕೇ ಖತರಾ. ಅವರಲ್ಲಿ ಜಾಸ್ತಿ ಜನಕ್ಕೆ ಕೊಟ್ಟವರ ಬ್ಲಡ್ಡು ಸ್ಪೆಷಲ್ ಇತ್ತು. ಎಚ್‌ಐವಿಗೆ ಒಳಗೆ ಬರೋಕೆ ಅದರಲ್ಲಿ ದರವಾಜಾನೇ, ಬಾಗಿಲೇ ಇಲ್ಲ."

"ನಮ್ಮ ತಮ್ಮಂದ್ರಾಗ?" ಎಂದಳು ಹನುಮವ್ವ.

"ಇವರದು ಮಾಮೂಲಿ ಬ್ಲಡ್. ದರವಾಜಾ ಇದೆ. ಆದರೂ ಸಿಗ್ತಾ ಇಲ್ಲ. ನಿಜವಾಗಿ ಹೋಗಿದೆಯೋ, ಎಲ್ಲೋ ಛುಪಾ ಹುವಾ, ಅಡಗಿ ಕೂತಿದೆಯೋ ತಿಳಿಯೋಕೆ ಒಂದೇ ರಸ್ತಾ. ಗುಳಿಗೆ ನಿಲ್ಲಿಸಿ ಕಾಯಬೇಕು. ಮೇಲಿಂದ ಮೇಲೆ ಟೆಸ್ಟ್ ಮಾಡ್ತೀವಿ, ವಾಪಸ್ ಬಂದ ಕೂಡಲೇ ಗುಳಿಗೆ ಶುರು. ಆದರೆ ರಿಸ್ಕ್ ಇದೆ. ಬೇಡ ಅಂದರೆ ಬೇಡ."

ಯಲ್ಲಾಲಿಂಗನ ಕಣ್ಣುಗಳು ಮಿನುಗಿದವು. "ಬಿಡಿಸ್ರೀ ಡಾಕ್ಟರ. ನಮ್ಮಕ್ಕನ ಮೈಯಾಗಿಂದ ಆ ಪೀಡಾ ಹೋದ್ರ ಸಾಕು." ಹನುಮವ್ವ ಪೀಡಾ ಎಂಬ ಮಾತಿಗೆ ತಮ್ಮನನ್ನು ದಿಟ್ಟಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಪಾಪ, ಅವನಿಗೆ ಅರ್ಥವಾಗುವುದು ಹೇಗೆ?

ಅವಳು ಹೂಂ ಎಂದಳು. ಯಾಕೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಗುಳಿಗೆ ಇದ್ದಷ್ಟು ದಿನ ಅವರು ಮಲಗಿರುತ್ತಾರೆ. ಬಿಟ್ಟರೆ ಏಳುತ್ತಾರೆ. ಬಾಗಿಲು ಇದೆಯೆಂದು ಡಾಕ್ಟರೇ ಹೇಳಿದ್ದಾರೆ, ಬರಬೇಕೆಂದರೆ ಬರಲಿ. ಬಂದರೆ ರೋಗ ಬಂದಂತೆ, ಸಾವೂ ಹಿಂದೆಯೇ ಬರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬರದಿದ್ದರೆ ಏನು ಎಂಬುದು ಮಾತ್ರ ಗೊತ್ತಿರಲಿಲ್ಲ. ಬಂದರೂ ಭಯ, ಬಾರದಿದ್ದರೂ ಭಯ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ದೀಪಾವಳಿ ಕಳೆಯಿತು. ಪಾಡ್ಯದ ಸಂಜೆ ಅವಳು ಮೊದಲ ಸಲ ಗುಳಿಗೆ ನುಂಗಲಿಲ್ಲ. ದೀಪ ಹಚ್ಚಿ, ಬಾಗಿಲು ಅರ್ಧ ತೆರೆದಿಟ್ಟು, ಸೀರೆ ಮಡಿಲಲ್ಲಿ ಹಾಕಿಕೊಂಡು ಕೂತಳು.

ಕೆಲ ದಿನ ಏನೂ ಇಲ್ಲ. ಆಮೇಲೊಂದು ಸಂಜೆ, ಕೆಳಗಿನ ಪ್ಲಾಸ್ಟಿಕ್ ಕಾರ್ಖಾನೆಯ ಮಷಿನ್ ನಿಂತು ಗಲ್ಲಿ ಸುಮ್ಮನಾದ ಹೊತ್ತಿಗೆ, ಬಾಗಿಲ ಹೊರಗೇ ಕೆಮ್ಮು ಕೇಳಿತು. ಒಣ ಕೆಮ್ಮು, ಕೊನೆಯಲ್ಲಿ ಒಂದು ಎಳೆತ. ಆ ಎಳೆತವನ್ನು ಸಾವಿರ ಜನರ ನಡುವೆ ಅವಳು ಗುರುತು ಹಿಡಿಯಬಲ್ಲಳು. ಕೊನೆಯ ದಿನಗಳಲ್ಲಿ ಅವನು ಮನೆಗೆ ಬರುವಾಗ ಚಾಳಿನ ಗೇಟಿನಲ್ಲಿ ಒಮ್ಮೆ, ಮೆಟ್ಟಿಲ ನಡುವೆ ಒಮ್ಮೆ, ಬಾಗಿಲಲ್ಲಿ ಒಮ್ಮೆ ನಿಂತು ಕೆಮ್ಮುತ್ತಿದ್ದ.

ಹನುಮವ್ವ ಏಳಲಿಲ್ಲ. ಸೂಜಿ ಕೈಯಲ್ಲಿ ಹಾಗೇ ನಿಂತಿತು. "ಬರ್ರಿ, ಬಾಗಲಾ ತಗದೈತಿ" ಎಂದಳು. ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಬೆಳಕು ಸ್ವಲ್ಪ ಕಡಿಮೆಯಾಯಿತು, ಯಾರೋ ಅಡ್ಡ ನಿಂತಾಗ ಆಗುವ ಹಾಗೆ. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಆ ಹೊಡೆತದಲ್ಲಿ ಓಡುತ್ತಿದ್ದ ರಕ್ತ ಅವಳದಲ್ಲ, ಆ ಮನುಷ್ಯನ ಸಾವಿಗೆ ಬಾರದವನ ರಕ್ತ. ಹೊಸ್ತಿಲ ಆಚೆ ನಿಂತವನಿಗೆ ಅದು ತಿಳಿದಿರಬೇಕು. ಬೆಳಕು ಮತ್ತೆ ಮೊದಲಿನಂತಾಯಿತು.

ಮರುದಿನ ಟೆಸ್ಟಿನಲ್ಲಿ ಏನೂ ಸಿಗಲಿಲ್ಲ. ಕೆಮ್ಮು ಮಾತ್ರ ಮತ್ತೆ ಬಂತು. ಒಂದು ದಿನ ಹೊಸ್ತಿಲಲ್ಲಿ, ಇನ್ನೊಂದು ದಿನ ಮೆಟ್ಟಿಲ ಕಡೆ. ದಿನ ಹೋದಂತೆ ಹತ್ತಿರ ಬರುತ್ತದೆ, ಒಳಗೆ ಬರುತ್ತದೆ ಎಂದು ಅವಳು ಕಾದಳು. ಆಮೇಲೆ ಅವಳಿಗೆ ಒಂದು ಸಂಗತಿ ಗಮನಕ್ಕೆ ಬಂತು. ಕೆಮ್ಮು ಹತ್ತಿರ ಬರುತ್ತಿರಲಿಲ್ಲ. ಬಾಗಿಲಿನಿಂದ ಶುರುವಾದದ್ದು ಮೆಟ್ಟಿಲಿಗೆ ಇಳಿದಿತ್ತು. ಸಂಕ್ರಾಂತಿಯ ಹೊತ್ತಿಗೆ ಗೇಟಿನಲ್ಲಿತ್ತು. ಅವನು ಬರುತ್ತಿರಲಿಲ್ಲ, ಹೋಗುತ್ತಿದ್ದ.

ಅವಳು ಮೆಟ್ಟಿಲಿಳಿದು ಹಿಂದೆ ಹೋದಳು. ಗೇಟಿನ ಹತ್ತಿರ ರಿಕ್ಷಾಗಳು, ವಡಾಪಾವಿನ ಗಾಡಿ, ಮನೆಗೆ ಮರಳುವ ಮಂದಿ. ಕೆಮ್ಮು ಆ ಮಂದಿಯ ನಡುವೆ ಸ್ಟೇಷನ್ನಿನ ಕಡೆ ಸಾಗಿತು. "ನಿಂದರ್ರೀ, ಒಂದ ಮಾತ ಹೇಳಿ ಹೋಗ್ರಿ" ಎಂದು ಅವಳು ಕೂಗಿದಾಗ ನಾಲ್ಕೈದು ಜನ ತಿರುಗಿ ನೋಡಿದರು. ಯಾರ ಮುಖವೂ ಅವನದಲ್ಲ. ಮರುದಿನದಿಂದ ಅವಳು ಎಷ್ಟು ಕಿವಿಗೊಟ್ಟರೂ ಏನೂ ಕೇಳಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಖೋಲಿಯಲ್ಲಿ ಅವಳು ಒಬ್ಬಳೇ ಇದ್ದಳು.

ಯುಗಾದಿಯ ಹಿಂದಿನ ವಾರ ಡಾಕ್ಟರ್ ಮಾ‌ಧುರಿ ಕರೆಸಿದಳು. ಅವಳ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ. ಇಷ್ಟು ತಿಂಗಳು ಗುಳಿಗೆ ಇಲ್ಲದೆಯೂ ಏನೂ ಮರಳಿ ಬಂದಿಲ್ಲ ಎಂದಳು. ಪೂರ್ತಿ ವಾಸಿ ಎಂದು ಈಗಲೇ ಹೇಳುವಂತಿಲ್ಲ, ಇನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು, ಆದರೂ ತನ್ನ ಕೈಯಲ್ಲಿ ಇಂಥದ್ದು ಆಗುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದಳು. ಯಲ್ಲಾಲಿಂಗ ಕೈಮುಗಿದ.

"ಮತ್ತ ಅದು ಎಲ್ಲಿ ಹೋತ್ರಿ?" ಎಂದು ಹನುಮವ್ವ ಕೇಳಿದಳು.

"ಹೋಗಿಲ್ಲ ಮೌಶಿ, ಖತಂ ಆಗಿದೆ. ಅದು ನಿಮ್ಮ ಯಾವ್ಯಾವ ಹಳೇ ಸೆಲ್ ಒಳಗೆ ಕೂತಿತ್ತೋ, ಅವನ್ನೆಲ್ಲ ತಮ್ಮನ ಸೆಲ್‌ಗಳು ಹುಡುಕಿ ಹುಡುಕಿ ಕೊಂದಿವೆ ಅಂತ ಅನಿಸುತ್ತೆ. ಇವರಿಗೆ ಥ್ಯಾಂಕ್ಸ್ ಹೇಳಿ."

ಹನುಮವ್ವ ತಮ್ಮನ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು. ಎಂಥ ಸಾಧು ಕೈಗಳು! ಲೋಕಲ್‌ನಲ್ಲಿ ಬರುವಾಗ ಅವನು ಪೇಡೆಯ ಪೊಟ್ಟಣ ಬಿಚ್ಚಿ ಗುರುತಿಲ್ಲದವರಿಗೂ ಹಂಚಿದ.

ಚಾಳಿಗೆ ಬಂದವಳು ನೇರ ಒಳಗೆ ಹೋಗಲಿಲ್ಲ. ಹೊರಗಿನ ಡ್ರಮ್ಮಿನಿಂದ ನೀರು ತೆಗೆದು ಕಾಲು ತೊಳೆದುಕೊಂಡಳು, ಹೆಣದ ಮಣ್ಣಿಗೆ ಹೋಗಿ ಬಂದವರು ತೊಳೆದುಕೊಳ್ಳುವ ಹಾಗೆ. ಒಳಗೆ ಹೋಗಿ, ಗೋಡೆಯ ಮೇಲಿನ ಗಂಡನ ಫೋಟೋದ ಕೆಳಗೆ ಕೂತು, ಆ ನೆಟ್ಟಗಿನ ಕೂದಲನ್ನು ಬಿಚ್ಚಿ ಹರವಿ, ಎದೆ ಬಡಿದುಕೊಂಡು ದನಿ ತೆಗೆದಳು.

"ಹೇಳಲಾರದ ಹ್ವಾದೇನೋ ನನ್ನ ದೊರಿಯೇ... ಬುತ್ತಿ ಕಟ್ಟಿ ಕೊಡಲಿಲ್ಲೋ ನನ್ನ ದೊರಿಯೇ... ಬಾಗಲತನಾ ಬಂದು ತಿರುಗಿ ಹ್ವಾದೇನೋ..."

ಮುಂಬಯಿಯಲ್ಲಿ ಹೀಗೆ ಹಾಡಿಕೊಂಡು ಅಳುವುದನ್ನು ಆ ಚಾಳು ಕೇಳಿರಲಿಲ್ಲ. ಬಾಗಿಲುಗಳು ತೆರೆದವು. ಸೋನಾಲಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ಕಾಯ್ ಝಾಲಂ ಮಾವಶೀ? ಕೋಣ್ ಗೇಲಂ?" ಯಾರು ಹೋದರು ಎಂದು ಕೇಳುತ್ತಿದ್ದಳು.

"ಆಮ್ಚೇ ಮಾಲಕ್," ಎಂದಳು ಹನುಮವ್ವ. ನಮ್ಮ ಯಜಮಾನರು.

"ಕಧೀ?" ಯಾವಾಗ?

"ಆತ್ತಾಚ್." ಈಗಷ್ಟೇ.

ಸೋನಾಲಿ ಗೋಡೆಯ ಮೇಲಿನ ಹಳೆಯ ಫೋಟೋ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲಲ್ಲಿ ನಿಂತಿದ್ದ ಯಲ್ಲಾಲಿಂಗನ ಮುಖ ಕೆಂಪಾಯಿತು.

"ಅಕ್ಕಾ, ಬಾಯಿ ಮುಚ್ಚ. ಮಂದಿ ಕೂಡ್ಯಾರ. ಖುಷಿ ಪಡೂದು ಬಿಟ್ಟು ಇದೇನ ಹಚ್ಚೀದಿ?"

ಹನುಮವ್ವ ಅಳು ನಿಲ್ಲಿಸಿ ತಿರುಗಿದಳು. ಬಿಚ್ಚಿದ ಕೂದಲ ನಡುವಿನ ಆ ಮುಖ ಎಷ್ಟು ತನ್ನ ಮುಖದಂತಿದೆ ಎಂದು ಕಂಡು ಯಲ್ಲಾಲಿಂಗ ಬೆಚ್ಚಿದ.

"ನಾ ಅತ್ತೇ ಇಲ್ಲ ಯಲ್ಲಾ, ಇಪ್ಪತ್ತ ವರ್ಸ. ಅವರು ಇದ್ದರು, ನನ್ನ ಮೈಯಾಗ ಇದ್ದರು. ಹುಡುಕಿ ಹುಡುಕಿ ನೀ ಕೊಂದಿ. ಕೊಂದಾಂವನೂ ನೀನ, ನನ್ನ ಉಳಿಸಿದಾಂವನೂ ನೀನ. ನಿನ್ನ ಬೈಯಲ್ಯಾ, ನಿನ್ನ ಕಾಲ ಹಿಡೀಲ್ಯಾ? ಅವತ್ತ ಬರಲಿಲ್ಲ. ಇವತ್ತರ ಬಂದಿ. ಕುಂದರ. ಅವರಿಗೆ ಅಳಾಕ ನಾವಿಬ್ಬರ ಇರೂದು."

ಯಲ್ಲಾಲಿಂಗ ಹೊಸ್ತಿಲಲ್ಲೇ ಚಪ್ಪಲಿ ಕಳಚಿದ. ಆಮೇಲೆ ಒಳಗೆ ಬಂದು ಪೇಡೆಯ ಪೊಟ್ಟಣವನ್ನು ಕಪಾಟಿನ ಮೇಲಿಟ್ಟ. ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದುಕೊಂಡು ಅಕ್ಕನ ಪಕ್ಕ ಕೂತ. ಮೊದಲು ನಾಚಿಕೆಯಿಂದ ತಲೆ ತಗ್ಗಿಸಿದ್ದ. "ಮಾವಾ" ಎಂದು ಒಮ್ಮೆ ಬಾಯಿಂದ ಬಂದದ್ದೇ ತಡ, ಇಷ್ಟು ವರ್ಷ ಕಟ್ಟಿಟ್ಟದ್ದು ಒಡೆದು, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಸೋನಾಲಿಗೆ ಏನು ಅರ್ಥವಾಯಿತೋ ಬಿಟ್ಟಿತೋ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬಷ್ಟು ಅವಳಿಗೆ ಗೊತ್ತಿತ್ತು. ತನ್ನ ಮನೆಯಿಂದ ಅನ್ನ, ಬೇಳೆಯ ವರಣ ತಂದು ಹೊಸ್ತಿಲ ಒಳಗೆ ಮುಚ್ಚಿಟ್ಟು ಸದ್ದಿಲ್ಲದೆ ಹೋದಳು.

ಅಳು ಇಳಿದ ಮೇಲೆ ಯಲ್ಲಾಲಿಂಗ ಮೂಗೊರೆಸಿಕೊಂಡು ಕೇಳಿದ. "ಇನ್ನ ಏನ ಮಾಡೂದು ಅಕ್ಕಾ?"

"ಗಂಡ ಸತ್ತ ಮ್ಯಾಲ ಹೆಂಗಸರು ಏನ ಮಾಡ್ತಾರ? ಬದಕ್ತಾರ," ಎಂದು ಹನುಮವ್ವ ಅನ್ನದ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು.